ಜೋಗುಳಕ್ಕೆ 32 ಪುಟ

ಹುಬ್ಬಳ್ಳಿಯಿಂದ ಕಾರವಾರದ ಕಡೆ ಹೋಗುವ ದಾರಿಯಲ್ಲಿ ಕಲಘಟಗಿ ಸಿಗುತ್ತದೆ. ಆ ಊರಿನ ಬಣ್ಣದ ತೊಟ್ಟಿಲು ಉತ್ತರ ಕರ್ನಾಟಕದಲ್ಲಿ ಮನೆಮಾತು. ಮರದ ಪಟ್ಟಿಗಳಿಗೆ ಅರಗಿನ ಬಣ್ಣ ಹಾಕಿ, ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗ, ಹೂಬಳ್ಳಿಗಳನ್ನು ಬರೆಯುತ್ತಾರೆ. ತೂಗುವ ಅಜ್ಜಿಯ ಬಾಯಲ್ಲಿ ಹಾಡು, ಅವಳ ಕೈಯಡಿಯ ಮರದಲ್ಲಿ ಚಿತ್ರ. ಹಾಗೆ ನೋಡಿದರೆ ಸಚಿತ್ರ ಜೋಗುಳ ಈ ನಾಡಿಗೆ ಹಳೆಯದೇ. ಅದನ್ನು ಕಾಗದಕ್ಕೆ ಇಳಿಸಿ, ಪುಟ ಮಗುಚುತ್ತಾ ಮಗುವನ್ನು ಮಲಗಿಸುವ ಪುಸ್ತಕವಾಗಿ ಮಾಡುವುದಷ್ಟೇ ಹೊಸ ಕೆಲಸ.

ಈ ಕೆಲಸಕ್ಕೆ ಕೈಹಾಕಬೇಕೆನ್ನುವವರು ನಾನಾ ಬಗೆಯವರು. ಅಜ್ಜಿಯ ಹಾಡು ಅರ್ಧಂಬರ್ಧ ನೆನಪಿರುವ ತಾಯಿ, ಅಂಗನವಾಡಿಯ ಕಾರ್ಯಕರ್ತೆ, ಚಿತ್ರ ಬರೆಯಬಲ್ಲ ಆದರೆ ಪದ್ಯದ ಗೊಡವೆಗೆ ಹೋಗದ ಕಲಾವಿದ, ವರ್ಷಕ್ಕೆ ನಾಲ್ಕೈದು ಪುಸ್ತಕ ತರುವ ಸಣ್ಣ ಪ್ರಕಾಶಕ. ಎಲ್ಲರಿಗೂ ಮೊದಲು ಎದುರಾಗುವ ತೊಡಕು ಒಂದೇ. ಜೋಗುಳಕ್ಕೆ ಕಥೆಯಿಲ್ಲ. ಅದು ಸುತ್ತುತ್ತದೆ. ಮಗುವಿನ ಕಣ್ಣು ಮುಚ್ಚುವ ತನಕ ಅದೇ ನುಡಿ, ಅದೇ ಪಲ್ಲವಿ. ಪುಸ್ತಕವಾದರೋ ಪುಟ ಮಗುಚಿದಂತೆ ಮುಂದಕ್ಕೆ ಸಾಗುತ್ತದೆ, ಕೊನೆಯ ಪುಟ ಬಂದಾಗ ಮುಗಿದೂ ಹೋಗುತ್ತದೆ, ಮಗು ನಿದ್ದೆ ಹೋಗಿರಲಿ ಬಿಡಲಿ. ಸುತ್ತುವ ಹಾಡನ್ನು ಸಾಗುವ ಪುಸ್ತಕಕ್ಕೆ ಹೊಂದಿಸುವುದು ಹೇಗೆ? ನುಡಿ ಆಯುವುದರಿಂದ ಹಿಡಿದು ಕಾಗದ ಕೊಳ್ಳುವ ತನಕ ಮಿಕ್ಕೆಲ್ಲ ತೀರ್ಮಾನಗಳು ಈ ಪ್ರಶ್ನೆಯಿಂದಲೇ ಹುಟ್ಟುತ್ತವೆ.

ಯಾವ ಹಾಡು, ಯಾರ ಹಾಡು

ಕನ್ನಡದಲ್ಲಿ ಜೋಗುಳಕ್ಕೆ ಬರವಿಲ್ಲ. ಹರಿದಾಸರ ಲಾಲಿ ಕೀರ್ತನೆಗಳಿವೆ, ಹಳ್ಳಿಯ ಹೆಣ್ಣುಮಕ್ಕಳ ತ್ರಿಪದಿಗಳಿವೆ, ಕಳೆದ ನೂರು ವರ್ಷದ ಕವಿಗಳು ಬರೆದ ಜೋಗುಳಗಳಿವೆ, ಸಿನಿಮಾ ಹಾಡುಗಳೂ ಇವೆ. ಆಯುವಾಗ ಒಂದು ವ್ಯತ್ಯಾಸ ಗಮನದಲ್ಲಿರಬೇಕು. ನಾಮಕರಣದ ದಿನ ತೊಟ್ಟಿಲಿಗೆ ಹಾಕುವಾಗ ಹತ್ತಾರು ಹೆಂಗಸರು ಸೇರಿ ಹಾಡುವ ಹಾಡು ಬೇರೆ, ದಿನವೂ ರಾತ್ರಿ ಒಬ್ಬಳೇ ಗುನುಗುವ ಹಾಡು ಬೇರೆ. ಮೊದಲನೆಯದು ಉದ್ದ, ಅದರಲ್ಲಿ ದೇವರ ಸ್ತುತಿ, ವಂಶದ ಹೊಗಳಿಕೆ, ಬಂಧುಬಳಗದ ಸಂಭ್ರಮ. ಎರಡನೆಯದು ತುಣುಕು ತುಣುಕು. ಮಲಗುವ ಹೊತ್ತಿನ ಪುಸ್ತಕಕ್ಕೆ ಒಗ್ಗುವುದು ಈ ಎರಡನೆಯದು. ಸಂಭ್ರಮದ ಹಾಡನ್ನು ಪುಸ್ತಕ ಮಾಡಿದರೆ ಮಗು ಎದ್ದು ಕೂರುತ್ತದೆ.

ತುಣುಕುಗಳನ್ನು ಹುಡುಕುವವರಿಗೆ ದೊಡ್ಡ ಗಣಿ ‘ಗರತಿಯ ಹಾಡು’. ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮತ್ತಿತರರು ಕಲೆಹಾಕಿದ ಈ ತ್ರಿಪದಿಗಳು 1931ರಲ್ಲಿ ಅಚ್ಚಾದವು. ಇವು ಹೆಚ್ಚಾಗಿ ಬೀಸುಕಲ್ಲಿನ ಮುಂದೆ ಹುಟ್ಟಿದ ಹಾಡುಗಳು. ಮಗುವಿನ ಮೇಲಿನ ತ್ರಿಪದಿಗಳೂ ಕಲ್ಲು ತಿರುಗುವ ಲಯಕ್ಕೆ ಹೊಂದಿದವು. ಅದಕ್ಕೇ ಅವುಗಳ ನಡೆಯಲ್ಲಿ ಒಂದು ಉರುಟು ಸುತ್ತು ಇದೆ, ಅದು ತೊಟ್ಟಿಲಿಗೂ ಒಪ್ಪುತ್ತದೆ. ತ್ರಿಪದಿಯ ಹಳಮೆಯಂತೂ ದೊಡ್ಡದು, ಕ್ರಿ.ಶ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಇದೇ ಮೂರು ಸಾಲಿನ ಛಂದಸ್ಸು ಬಂಡೆಗೆ ಕೊರೆದಿದೆ. ವೀರನೊಬ್ಬನ ಹೊಗಳಿಕೆಗೂ ಕೂಸಿನ ಮುದ್ದಿಗೂ ಒಂದೇ ಅಳತೆಗೋಲು.

ಇನ್ನು ಹಕ್ಕಿನ ವಿಚಾರ. ಇದನ್ನು ಮೊದಲೇ ಬಗೆಹರಿಸಿಕೊಳ್ಳದಿದ್ದರೆ ಚಿತ್ರವೆಲ್ಲ ಮುಗಿದ ಮೇಲೆ ತಲೆನೋವು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಅವರ ವಾರಸುದಾರರದು. 1564ರಲ್ಲಿ ತೀರಿಕೊಂಡ ಪುರಂದರದಾಸರ ಹಾಡಿಗೆ ಯಾರ ಅಪ್ಪಣೆಯೂ ಬೇಡ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಶಿಶುಗೀತೆಗಳೂ ಈಗ ಎಲ್ಲರವು. ಬೇಂದ್ರೆಯವರು 1981ರಲ್ಲಿ, ಕುವೆಂಪು 1994ರಲ್ಲಿ ತೀರಿಕೊಂಡರು; ಅವರ ಪದ್ಯಗಳಿಗೆ ಕ್ರಮವಾಗಿ 2041, 2054ರ ಕೊನೆಯ ತನಕ ಅನುಮತಿ ಬೇಕೇ ಬೇಕು. ಅಂದಹಾಗೆ, ಈ 60ರ ಲೆಕ್ಕ ಬಂದದ್ದು ರವೀಂದ್ರನಾಥ ಟ್ಯಾಗೋರರ ಕಾರಣಕ್ಕೆ. ಮೊದಲು ಅವಧಿ 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ಅವರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದಿತ್ತು, ಆಗ ಕಾನೂನನ್ನೇ ತಿದ್ದಿ ಹತ್ತು ವರ್ಷ ಸೇರಿಸಿದರು.

ಜನಪದ ಹಾಡಿಗೆ ಒಡೆಯರಿಲ್ಲ ಎನ್ನುವುದು ನಿಜ, ಆದರೆ ಪೂರ್ತಿ ನಿಜವಲ್ಲ. ಹಾಡು ಎಲ್ಲರದಾದರೂ ಸಂಪಾದಕರ ಮುನ್ನುಡಿ, ಟಿಪ್ಪಣಿಗಳು ಅವರವೇ. ಧ್ವನಿಮುದ್ರಣಕ್ಕೆ ಬಿಡುಗಡೆಯ ವರ್ಷದಿಂದ 60 ವರ್ಷ ಹಕ್ಕುಂಟು, ಹಾಡಿದವರಿಗೆ ಕಲಾವಿದರ ಹಕ್ಕು 50 ವರ್ಷ. ಕ್ಯಾಸೆಟ್ಟಿನಲ್ಲಿ ಕೇಳಿದ ಹಾಡನ್ನು ಬಳಸುವ ಬದಲು ಊರಿನ ಹಿರಿಯ ಹೆಣ್ಣುಮಗಳೊಬ್ಬರಿಂದ ಕೇಳಿ ಬರೆದುಕೊಂಡು, ಅವರ ಒಪ್ಪಿಗೆ ಪಡೆಯುವುದೇ ಒಳ್ಳೆಯ ದಾರಿ. ಆಗ ಅಚ್ಚಿನಲ್ಲಿಲ್ಲದ ಒಂದೆರಡು ನುಡಿಗಳೂ ಸಿಗುವುದುಂಟು.

ಬಿಡುವುದು, ತಿದ್ದುವುದು, ಹಾಗೆಯೇ ಇಡುವುದು

ಹಳೆಯ ಜೋಗುಳವನ್ನು ಹೊಸ ಪುಸ್ತಕ ಮಾಡುವಾಗ ಪದಗಳನ್ನು ತಿದ್ದಬಹುದೇ? ಅಮೆರಿಕದಲ್ಲಿ ‘ಹಷ್ ಲಿಟ್ಲ್ ಬೇಬಿ’ ಎಂಬ ಜನಪದ ಲಾಲಿಯನ್ನು ಇಬ್ಬರು ಚಿತ್ರಕಾರ್ತಿಯರು ಎರಡು ಬಗೆಯಲ್ಲಿ ಪುಸ್ತಕ ಮಾಡಿದ್ದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಪ್ರಶ್ನೆ ಸ್ಪಷ್ಟವಾಗುತ್ತದೆ. ಮೂಲ ಹಾಡಿನಲ್ಲಿ ಅಳುವ ಮಗುವಿಗೆ ಒಂದಾದ ಮೇಲೊಂದು ವಸ್ತು ಕೊಡಿಸುವ ಆಸೆ ತೋರಿಸುತ್ತಾರೆ. ಒಂದು ಕೆಟ್ಟರೆ ಮತ್ತೊಂದು. ಸಿಲ್ವಿಯಾ ಲಾಂಗ್ 1997ರಲ್ಲಿ ತಂದ ಪುಸ್ತಕದಲ್ಲಿ ಈ ಕೊಳ್ಳುವ ಮಾತೆಲ್ಲ ಹೋಯಿತು. ಅಲ್ಲಿ ಮೊಲದಮ್ಮ ತನ್ನ ಮರಿಗೆ ಸಂಜೆಯ ಹೊತ್ತಿನ ಹಕ್ಕಿ, ಆಕಾಶ, ಚಂದ್ರನನ್ನು ತೋರಿಸುತ್ತಾಳೆ. ಎರಡು ವರ್ಷದ ನಂತರ ಮಾರ್ಲಾ ಫ್ರೇಝೀ ಅದೇ ಹಾಡಿನ ಪದಗಳನ್ನು ಉಳಿಸಿಕೊಂಡೇ, ಚಿತ್ರದೊಳಗೆ ಬೇರೆ ಕಥೆ ಹೆಣೆದರು: ಹಳೆಯ ಕಾಲದ ಬೆಟ್ಟದ ಊರು, ಹೊಸ ಮಗು ಬಂದದ್ದಕ್ಕೆ ಮುಖ ಊದಿಸಿಕೊಂಡ ಅಕ್ಕ. ಒಬ್ಬರು ಮಾತು ಬದಲಿಸಿದರು, ಇನ್ನೊಬ್ಬರು ಮಾತನ್ನು ಮುಟ್ಟದೆ ಚಿತ್ರದಿಂದಲೇ ಅರ್ಥ ಬದಲಿಸಿದರು.

ಕನ್ನಡದ ಮಟ್ಟಿಗೆ ಎರಡನೆಯ ದಾರಿ ಮೇಲು. ನಮ್ಮ ಜೋಗುಳಗಳಲ್ಲಿ ಚಿನ್ನದ ತೊಟ್ಟಿಲು, ಬೆಳ್ಳಿಯ ಸರಪಳಿ, ಮುತ್ತಿನ ಕುಚ್ಚು ಬೇಕಾದಷ್ಟಿವೆ. ಹಾಡಿದ ಮನೆಯಲ್ಲಿ ಇದ್ದದ್ದು ಮಾತ್ರ ಹಳೆಯ ಸೀರೆಯ ಜೋಲಿ. ಪದದಲ್ಲಿ ಚಿನ್ನ, ಚಿತ್ರದಲ್ಲಿ ಸೀರೆ: ಹೀಗಿಟ್ಟರೆ ಓದುವ ದೊಡ್ಡವರಿಗೆ ತಾಯಿಯ ಕನಸು ತಿಳಿಯುತ್ತದೆ, ಮಗುವಿಗೆ ತನ್ನ ಮನೆ ಕಾಣುತ್ತದೆ. ಹೊಲದ ಬದುವಿನ ಬೇವಿನ ಕೊಂಬೆಗೆ ಕಟ್ಟಿದ ಜೋಲಿ, ಕಟ್ಟಡ ಕೆಲಸದ ಜಾಗದಲ್ಲಿ ಎರಡು ಕಂಬದ ನಡುವೆ ಬಿಗಿದ ಜೋಲಿ, ಬಾಡಿಗೆ ಮನೆಯ ಕೊಂಡಿಗೆ ತೂಗುಹಾಕಿದ ಜೋಲಿ, ಇವು ಮೂರೂ ಇಂದಿಗೂ ಕಣ್ಣಿಗೆ ಬೀಳುವ ದೃಶ್ಯಗಳೇ. ತೊಟ್ಟಿಮನೆಯ ಕೆತ್ತನೆಯ ತೊಟ್ಟಿಲನ್ನೇ ಪ್ರತಿ ಪುಸ್ತಕದಲ್ಲೂ ಬರೆಯುವ ಹಟ ಯಾಕೋ.

ಹೆದರಿಸುವ ಭಾಗ ಬಂದಾಗ ಹೆಚ್ಚಿನವರು ಅನುಮಾನಿಸುತ್ತಾರೆ. ಗುಮ್ಮ, ಬೂಚಿ, ಜೋಗಿ ಬಂದು ಹಿಡಿದುಕೊಂಡು ಹೋಗುವ ಮಾತು ಹಾಡಿನಲ್ಲಿದ್ದರೆ ಏನು ಮಾಡುವುದು? ಇದು ನಮ್ಮೊಬ್ಬರ ಪಾಡಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಸುಮಾರು 4,000 ವರ್ಷ ಹಳೆಯ ಬ್ಯಾಬಿಲೋನಿನ ಮಣ್ಣಿನ ಫಲಕವೊಂದರ ಲಾಲಿಯಲ್ಲಿ, ಅತ್ತು ಮನೆದೇವರ ನಿದ್ದೆ ಕೆಡಿಸಿದ ಮಗುವಿಗೆ ಗದರಿಕೆಯಿದೆ. ಗುಮ್ಮನನ್ನು ಇಟ್ಟುಕೊಳ್ಳಬಹುದು, ಆದರೆ ಅವನು ಪುಸ್ತಕದ ಮೊದಲ ಅರ್ಧದಲ್ಲೇ ಬಂದು ಹೋಗಲಿ, ಮುಂದಿನ ಯಾವುದಾದರೂ ಪುಟದಲ್ಲಿ ಅವನೂ ಆಕಳಿಸಿ ಮಲಗಲಿ. ಜೋಗಿಯ ವಿಷಯ ಹಾಗಲ್ಲ. ಭಿಕ್ಷೆಗೆ ಬರುವ ನಿಜವಾದ ಜನರನ್ನು ಮಕ್ಕಳಿಗೆ ಗುಮ್ಮನಂತೆ ತೋರಿಸುವ ನುಡಿಯನ್ನು ಬಿಟ್ಟುಬಿಡುವುದೇ ಸರಿ. ಜಾತಿಯ ಮೇಲರಿಮೆಯ ಮಾತಿದ್ದರೂ ಅಷ್ಟೆ. ತ್ರಿಪದಿಯ ಒಂದು ಅನುಕೂಲವೆಂದರೆ ಒಂದೊಂದು ಪದ್ಯವೂ ತನ್ನಷ್ಟಕ್ಕೆ ಪೂರ್ತಿ. ನಡುವಿನದನ್ನು ತೆಗೆದರೂ ಹಾಡು ಕುಂಟುವುದಿಲ್ಲ.

ಗಂಡುಮಗುವನ್ನೇ ಹೊಗಳುವ ಹಾಡುಗಳು ಜಾಸ್ತಿ ಎಂಬುದೂ ಗಮನಕ್ಕೆ ಬರುತ್ತದೆ. ಕೃಷ್ಣ, ರಾಮರ ಲಾಲಿಯಲ್ಲಿ ಅದು ಸಹಜ. ಉಳಿದ ಕಡೆ ಕೂಸು, ಕಂದ, ಮಗು ಎಂದಿರುವ ನುಡಿಗಳನ್ನು ಆಯ್ದುಕೊಂಡರೆ ಚಿತ್ರದಲ್ಲಿ ಹೆಣ್ಣುಮಗುವನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ. ತೂಗುವ ಕೈ ಅಪ್ಪನದೂ ಆಗಬಹುದು.

ಆಡುನುಡಿಯನ್ನು ಮಾತ್ರ ಮುಟ್ಟಬಾರದು. ವಿಜಯಪುರದ ತ್ರಿಪದಿಯನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಂದ ಕೂಡಲೇ ಮಾತ್ರೆ ತಪ್ಪುತ್ತದೆ, ಹಾಡು ಸಾಯುತ್ತದೆ. ತಿಳಿಯದ ಪದಗಳಿಗೆ ಕೊನೆಯ ಪುಟದಲ್ಲಿ ನಾಲ್ಕು ಸಾಲು ಅರ್ಥ ಕೊಟ್ಟರೆ ಸಾಕು.

ಪುಟದ ಲೆಕ್ಕ

ಚಿತ್ರಪುಸ್ತಕ 32 ಪುಟವೇ ಯಾಕಿರುತ್ತದೆ? ಕಾಗದದ ಮಡಿಕೆಯೇ ಕಾರಣ. 23×36 ಇಂಚಿನ ದೊಡ್ಡ ಹಾಳೆಯ ಎರಡೂ ಬದಿ ಅಚ್ಚುಹಾಕಿ ಮಡಚಿದರೆ ಸುಮಾರು 8.5×11 ಇಂಚಿನ 16 ಪುಟ ಸಿಗುತ್ತವೆ. ಅದೇ ಪ್ರೆಸ್ಸಿನವರು ಹೇಳುವ ಒಂದು ಫಾರಂ. ಎರಡು ಫಾರಮ್ಮಿಗೆ 32 ಪುಟ, ನಡುವೆ ಎರಡು ಪಿನ್ನು, ಪುಸ್ತಕ ಸಿದ್ಧ. 34 ಪುಟ ಮಾಡಲು ಹೋದರೆ ಹಾಳೆ ದಂಡ. ಹಾಗಾಗಿ ಚಿತ್ರಕ್ಕೆ ಕುಂಚ ಅದ್ದುವ ಮೊದಲೇ ಪ್ರೆಸ್ಸಿಗೆ ಹೋಗಿ, ಅವರ ಯಂತ್ರಕ್ಕೆ ಯಾವ ಹಾಳೆ ಹೊಂದುತ್ತದೆ, ಯಾವ ಅಳತೆಗೆ ಕಡಿಮೆ ಕಾಗದ ಹಾಳಾಗುತ್ತದೆ ಎಂದು ಕೇಳಿಕೊಂಡು ಬರಬೇಕು.

ಆಮೇಲೆ ಎಂಟು ಬಿಳಿ ಹಾಳೆಗಳನ್ನು ನಡುವೆ ಮಡಚಿ, ಹೊಲಿದು, 32 ಪುಟದ ಖಾಲಿ ಡಮ್ಮಿ ಮಾಡಿಕೊಳ್ಳಬೇಕು. ಮೊದಲ ಪುಟ ಶೀರ್ಷಿಕೆಗೆ. ಎರಡನೆಯದು ಪ್ರಕಾಶಕರ, ಕಲಾವಿದರ, ಹಕ್ಕಿನ ವಿವರಕ್ಕೆ. ಮೂರನೆಯದು ಒಂಟಿ ಚಿತ್ರ. 4ರಿಂದ 31ರ ತನಕ ಎದುರುಬದುರಿನ 14 ಜೋಡಿಪುಟಗಳು. 32 ಮತ್ತೆ ಒಂಟಿ. ಈ 14 ಜೋಡಿಪುಟಗಳಲ್ಲೇ ಇಡೀ ರಾತ್ರಿ ಇಳಿಯಬೇಕು.

ಒಂದು ಜೋಡಿಪುಟಕ್ಕೆ ಒಂದು ತ್ರಿಪದಿ ಸಾಕಷ್ಟಾಯಿತು. ಹಾಡುವಾಗ ತ್ರಿಪದಿ ಮೂರು ಸಾಲಾಗಿ ಉಳಿಯುವುದಿಲ್ಲ. ಎರಡನೆಯ ಸಾಲಿನ ಒಂದು ಭಾಗ ಮರುಕಳಿಸಿ ನಾಲ್ಕರಷ್ಟು ಉದ್ದವಾಗುತ್ತದೆ. ಅಚ್ಚಿನಲ್ಲಿ ಆ ಮರುಕಳಿಕೆಯನ್ನು ಬರೆಯಬೇಕೇ ಬೇಡವೇ ಎಂಬ ತರ್ಕ ಸಂಪಾದಕರಲ್ಲಿ ಹಳೆಯದು. ಪಾಂಡಿತ್ಯದ ಸಂಕಲನದಲ್ಲಿ ಬೇಡ. ಮಲಗುವ ಹೊತ್ತಿನ ಪುಸ್ತಕದಲ್ಲಿ ಬೇಕು, ಯಾಕೆಂದರೆ ಓದುವ ತಂದೆತಾಯಿಗೆ ಧಾಟಿ ಗೊತ್ತಿಲ್ಲದಿದ್ದರೂ ಆ ಮರುಕಳಿಕೆಯೇ ಅವರ ದನಿಯನ್ನು ನಿಧಾನ ಮಾಡುತ್ತದೆ.

ಪುಟಗಳ ಓಟವನ್ನು ನಿಧಾನಗೊಳಿಸುವ ಕಲೆಗೆ ಇವತ್ತಿಗೂ ಒಳ್ಳೆಯ ಪಾಠ 1947ರ ‘ಗುಡ್‌ನೈಟ್ ಮೂನ್’. ಮಾರ್ಗರೆಟ್ ವೈಸ್ ಬ್ರೌನ್ ಬರೆದದ್ದು, ಕ್ಲೆಮೆಂಟ್ ಹರ್ಡ್ ಚಿತ್ರ. ಅದು ಜನಪದ ಲಾಲಿಯಲ್ಲದಿದ್ದರೂ ಕೆಲಸ ಮಾಡುವುದು ಲಾಲಿಯ ಹಾಗೆ. ಒಂದೇ ಕೋಣೆ, ಒಂದೇ ಮೊಲದಮರಿ. ಬಣ್ಣದ ಚಿತ್ರ ಒಂದು, ಕಪ್ಪುಬಿಳುಪು ಒಂದು, ಹೀಗೆ ಸರದಿ. ಪುಟ ಮಗುಚಿದಂತೆ ಕೋಣೆಯ ಬೆಳಕು ಸ್ವಲ್ಪಸ್ವಲ್ಪವೇ ಕುಂದುತ್ತದೆ, ಕಿಟಕಿಯಲ್ಲಿ ಚಂದ್ರ ಮೇಲೇರುತ್ತಾನೆ, ಗೋಡೆಯ ಗಡಿಯಾರ ಏಳರಿಂದ ಎಂಟೂ ಹತ್ತಕ್ಕೆ ಬರುತ್ತದೆ. ಪುಟ್ಟ ಇಲಿಯೊಂದು ಬಣ್ಣದ ಪುಟಗಳಲ್ಲಿ ಜಾಗ ಬದಲಿಸುತ್ತಿರುತ್ತದೆ. ಮಗು ಅದನ್ನು ಹುಡುಕುತ್ತಾ ಪುಟದ ಮೇಲೆ ಕಣ್ಣಿಡುತ್ತದೆ. ವಿಚಿತ್ರವೆಂದರೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 1972ರ ತನಕ ಈ ಪುಸ್ತಕವನ್ನು ತರಿಸಿಕೊಂಡಿರಲೇ ಇಲ್ಲ.

ಇದೇ ಉಪಾಯವನ್ನು ಬಯಲುಸೀಮೆಯ ಸಂಜೆಗೆ ಹೊಂದಿಸಿದರೆ ಹೀಗೊಂದು ನಕ್ಷೆ ಬರುತ್ತದೆ. ಮೂರನೆಯ ಪುಟದಲ್ಲಿ ತೊಲೆಗೆ ಕಟ್ಟಿದ ಖಾಲಿ ಜೋಲಿ. ಮೊದಲ ಜೋಡಿಪುಟದಲ್ಲಿ ದನ ಮರಳುವ ದೂಳಿನ ಹೊತ್ತು, ಇಡೀ ಊರು ಕಾಣುವಷ್ಟು ದೂರದ ನೋಟ. ಮುಂದೆ ಓಣಿ, ಅದರ ಮುಂದೆ ಅಂಗಳ, ಪಡಸಾಲೆ, ಒಲೆಯ ಮುಂದಿನ ಬೆಳಕು. ಪುಟದಿಂದ ಪುಟಕ್ಕೆ ನೋಟ ಕಿರಿದಾಗುತ್ತದೆ, ಬಣ್ಣ ಕಿತ್ತಳೆಯಿಂದ ನೀಲಿಗೆ ತಿರುಗುತ್ತದೆ, ಪ್ರಾಣಿಗಳು ಒಂದೊಂದಾಗಿ ಕೂರುತ್ತವೆ: ಮೊದಲು ಎಮ್ಮೆ, ಆಮೇಲೆ ಕೋಳಿ, ಕೊನೆಗೆ ಬೆಕ್ಕು. ಪದಗಳೂ ಕಡಿಮೆಯಾಗಬೇಕು. ಮೊದಲ ಏಳೆಂಟು ಜೋಡಿಪುಟಗಳಲ್ಲಿ ಪೂರ್ತಿ ತ್ರಿಪದಿ, ಆಮೇಲೆ ಪಲ್ಲವಿ ಮಾತ್ರ, ಕೊನೆಯ ಎರಡರಲ್ಲಿ ಅಕ್ಷರವೇ ಇಲ್ಲ. ಅಲ್ಲಿ ಓದುವವರು ಗುನುಗಿಕೊಳ್ಳಲಿ. ಪಲ್ಲವಿ ಪ್ರತಿ ಸಲವೂ ಬಲಪುಟದ ಕೆಳಗೆ ಅದೇ ಜಾಗದಲ್ಲಿ ಬಂದರೆ ಓದಲು ಬಾರದ ಎರಡು ವರ್ಷದ ಮಗುವೂ ಬೆರಳಿಟ್ಟು ತಾನೇ ಹೇಳುತ್ತದೆ.

32ನೆಯ ಪುಟದಲ್ಲಿ ಏನಿರಬೇಕು? ಮೂರನೆಯ ಪುಟದ ಅದೇ ಜೋಲಿ, ಅದೇ ಕೋನ, ಈ ಸಲ ತುಂಬಿದೆ. ಮಗು ಇನ್ನೂ ಎಚ್ಚರವಿದ್ದರೆ ತಾಯಿ ಮಾತಿಲ್ಲದೆ ಮೂರನೆಯ ಪುಟಕ್ಕೆ ಮರಳಬಹುದು, ಹಾಡು ಕಡಿಯುವುದಿಲ್ಲ. ಸುತ್ತುವ ಹಾಡಿಗೂ ಸಾಗುವ ಪುಸ್ತಕಕ್ಕೂ ಬೆಸುಗೆ ಬೀಳುವುದು ಇಲ್ಲಿ.

ಎರಡು ವರ್ಷದ ಒಳಗಿನ ಮಕ್ಕಳಿಗಾದರೆ ಲೆಕ್ಕ ಬೇರೆ. ಅವರು ಪುಟವನ್ನು ಮೊದಲು ಬಾಯಿಗೆ ಇಡುತ್ತಾರೆ. ದಪ್ಪ ರಟ್ಟಿನ ಪುಟ, ದುಂಡಗಿನ ಮೂಲೆ, ಆರೇಳು ಜೋಡಿಪುಟ ಸಾಕು. ರಟ್ಟಿನ ಪುಸ್ತಕ ಮಾಡುವ ಪ್ರೆಸ್ಸುಗಳು ಕಡಿಮೆ, ಖರ್ಚೂ ಹೆಚ್ಚು.

ಯಾವ ಬಗೆಯ ಚಿತ್ರ

ಜನಪದ ಹಾಡೆಂದ ಕೂಡಲೇ ಜನಪದ ಚಿತ್ರಶೈಲಿಯ ಯೋಚನೆ ಬರುತ್ತದೆ. ಬರಲಿ, ಆದರೆ ಒಂದನ್ನೇ ಹಿಡಿಯಬೇಕು. ಒಂದು ಪುಟಕ್ಕೆ ಕಸೂತಿ, ಮತ್ತೊಂದಕ್ಕೆ ಚಿತ್ತಾರ, ಮುಖಪುಟಕ್ಕೆ ಕಿನ್ನಾಳದ ಗೊಂಬೆ ಎಂದು ಎಲ್ಲವನ್ನೂ ತುರುಕಿದರೆ ಪುಸ್ತಕ ದಸರಾ ವಸ್ತುಪ್ರದರ್ಶನದ ಮಳಿಗೆಯಾಗುತ್ತದೆ.

ಧಾರವಾಡ ಸೀಮೆಯ ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಗಂಟಿ ಮತ್ತು ಮುರ್ಗಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆಯ ಜೊತೆಗೆ ತೊಟ್ಟಿಲೂ ಅದರ ಹಳೆಯ ನಮೂನೆಗಳಲ್ಲೊಂದು. ನೇರ ಗೆರೆ, ದೊಡ್ಡ ಆಕಾರ, ಕಪ್ಪು ನೆಲದ ಮೇಲೆ ಗಾಢ ಬಣ್ಣ ಇರುವುದರಿಂದ ಎಳೆಯ ಕಣ್ಣಿಗೆ ಇದು ಸುಲಭವಾಗಿ ಹಿಡಿಸುತ್ತದೆ. ಸಾಗರದ ಸುತ್ತಿನ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಗೆರೆಯಲ್ಲಿ ಮೂಡುತ್ತದೆ, ಪುಂಡಿನಾರೇ ಕುಂಚ. ಅದರ ಎರಡು ಮೂರು ಬಣ್ಣದ ಮಿತಿಯೇ ಮಲಗುವ ಹೊತ್ತಿಗೆ ಹೇಳಿಮಾಡಿಸಿದ್ದು. ಆದರೆ ಅದು ಮದುವೆಯ ಹಸೆಗೆ ಬರೆಯುವ ಚಿತ್ರ. ಆ ಸಮುದಾಯದ ಕಲಾವಿದೆಯನ್ನೇ ಜೊತೆಗೆ ಸೇರಿಸಿಕೊಳ್ಳದೆ ದೂರದಿಂದ ನಕಲು ಮಾಡುವುದು ಸಲ್ಲದು.

ಇವೆರಡಕ್ಕಿಂತ ಹೆಚ್ಚು ಒಪ್ಪುವಂಥದ್ದು ಕೌದಿ ಎನ್ನಬೇಕು. ಅಜ್ಜಿಯ ಇಳಕಲ್ಲು ಸೀರೆ, ಅಪ್ಪನ ಅಂಗಿ, ಹರಿದ ಲಂಗ ಎಲ್ಲ ಸೇರಿ ಹೊದಿಕೆಯಾಗುವ ವಸ್ತು ಅದು, ಮಗು ಮಲಗುವುದೇ ಅದರ ಮೇಲೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳ ಮೂಲೆಗಳಲ್ಲಿ ಮಡಚಿದ ತ್ರಿಕೋನದ ತುಂಡು ಕೂರಿಸುತ್ತಾರೆ, ಅದಿಲ್ಲದೆ ಕೌದಿ ಪೂರ್ತಿಯಾಯಿತು ಎನ್ನುವುದಿಲ್ಲ. ಬಟ್ಟೆಯ ತುಂಡುಗಳನ್ನು ಅಂಟಿಸಿಯೇ ಚಿತ್ರ ಕಟ್ಟಿ, ಅದನ್ನು ಒಳ್ಳೆಯ ಬೆಳಕಲ್ಲಿ ಫೋಟೊ ತೆಗೆದು ಅಥವಾ ಸ್ಕ್ಯಾನ್ ಮಾಡಿ ಪುಟ ಮಾಡಬಹುದು. ಚಿತ್ರಕಲೆ ಬಾರದ ಮನೆಯವರೂ ಕೈಹಾಕಬಹುದಾದ ದಾರಿ ಇದೊಂದೇ.

ಶೈಲಿ ಯಾವುದೇ ಇರಲಿ, ಒಂದೆರಡು ತಾಂತ್ರಿಕ ಮಾತು ಎಲ್ಲಕ್ಕೂ ಸೇರಿದ್ದು. ಜೋಡಿಪುಟದ ನಡುಮಡಿಕೆಗೆ ಮಗುವಿನ ಮುಖ ಬರಕೂಡದು, ಮಡಿಕೆ ಅದನ್ನು ನುಂಗಿಬಿಡುತ್ತದೆ. ಅಂಚಿನ ತನಕ ಬಣ್ಣ ಹರಿಯುವ ಚಿತ್ರವನ್ನು ಕತ್ತರಿಸುವ ಗೆರೆಯಿಂದ ಆಚೆಗೆ 3 ಮಿ.ಮೀ. ಹೆಚ್ಚು ಬರೆದಿರಬೇಕು. ಸ್ಕ್ಯಾನ್ 300 ಡಿಪಿಐಗೆ ಕಡಿಮೆ ಬೇಡ. ಕಂಪ್ಯೂಟರ್ ಪರದೆಯಲ್ಲಿ ಚೆಂದ ಕಾಣುವ ಕಡುನೀಲಿ ರಾತ್ರಿ ನಾಲ್ಕು ಬಣ್ಣದ ಅಚ್ಚಿನಲ್ಲಿ ಮಸಿಯ ಮುದ್ದೆಯಾಗುವುದುಂಟು. ಕತ್ತಲೆಯ ಪುಟಗಳಲ್ಲಿ ಒಂದನ್ನಾದರೂ ಮೊದಲೇ ಪ್ರೂಫ್ ತೆಗೆಸಿ ನೋಡಬೇಕು.

ಕಲಾವಿದರೊಂದಿಗಿನ ಒಪ್ಪಂದ ಬರಹದಲ್ಲಿರಲಿ. ಹಕ್ಕನ್ನು ಎಷ್ಟು ವರ್ಷಕ್ಕೆ ಬಿಟ್ಟುಕೊಡಲಾಗಿದೆ ಎಂದು ಪತ್ರದಲ್ಲಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದೇ ಎಣಿಸುತ್ತದೆ. ಯಾವ ದೇಶಗಳಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹೊರನಾಡಿನ ಕನ್ನಡ ಕೂಟಗಳಿಗೆ ಪುಸ್ತಕ ಮಾರುವ ಯೋಚನೆ ಇದ್ದವರಿಗೆ ಈ ಎರಡನೆಯ ಮಾತು ಮುಖ್ಯ.

ಅಕ್ಷರ, ಮಸಿ, ಕಾಗದ

ಮಂದ ಬೆಳಕಲ್ಲಿ, ಒಂದು ಕೈಯಲ್ಲಿ ಮಗುವನ್ನು ತಟ್ಟುತ್ತಾ ಓದುವ ಪುಸ್ತಕವಿದು. ಕನ್ನಡಕ್ಕೆ ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತಕ್ಷರ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅಕ್ಷರ 20 ಪಾಯಿಂಟ್ ಇದ್ದರೆ ಸಾಲಿನಿಂದ ಸಾಲಿಗೆ 32 ಪಾಯಿಂಟ್ ಇರಲಿ. ನೋಟೊ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಮುಂತಾದ ಯೂನಿಕೋಡ್ ಫಾಂಟುಗಳು ಪುಕ್ಕಟೆ, ಅಚ್ಚಿಗೆ ಬಳಸಲೂ ಅಡ್ಡಿಯಿಲ್ಲ. ಬಾಲೂ ತಮ್ಮ ದುಂಡಗೆ, ದಪ್ಪಗೆ ಇದ್ದು ಶೀರ್ಷಿಕೆಗೆ ಒಪ್ಪುತ್ತದೆ, ಒಳಪುಟಕ್ಕೆ ತುಸು ಭಾರ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಲೇಬೇಕು.

ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ರಾತ್ರಿಯ ಪುಸ್ತಕದ ಸಹಜ ಆಸೆ. ಅಲ್ಲಿ ತೆಳುಗೆರೆಯ ಫಾಂಟಿಟ್ಟರೆ ಸುತ್ತಲ ಮಸಿ ಒಳನುಗ್ಗಿ ಅಕ್ಷರ ಕಟ್ಟಿಕೊಳ್ಳುತ್ತದೆ. ದಪ್ಪ ಗೆರೆಯದನ್ನೇ ಆರಿಸಬೇಕು, ಇಲ್ಲವೇ ಪ್ರತಿ ಪುಟದ ಕೆಳಗೆ ತಿಳಿ ಪಟ್ಟಿಯೊಂದನ್ನು ಅಕ್ಷರಕ್ಕೆಂದೇ ಬಿಡಬೇಕು. ಕಾಗದಕ್ಕೂ ಹೊಳಪು ಬೇಡ: ಗ್ಲಾಸಿ ಆರ್ಟ್ ಪೇಪರಿನ ಮೇಲೆ ದೀಪ ಪ್ರತಿಫಲಿಸಿ ಚಿತ್ರವೇ ಕಾಣುವುದಿಲ್ಲ. 130ರಿಂದ 170 ಜಿಎಸ್‌ಎಮ್ಮಿನ ಮ್ಯಾಟ್ ಆರ್ಟ್ ಪೇಪರ್ ಸೂಕ್ತ. ಐವತ್ತು, ನೂರು ಪ್ರತಿ ಬೇಕಾದವರಿಗೆ ಡಿಜಿಟಲ್ ಮುದ್ರಣ, ಸಾವಿರದ ಮಾತಾದರೆ ಆಫ್‌ಸೆಟ್.

ಕೇಳುವ ಕಿವಿ

ಪುಸ್ತಕ ಕೊಂಡವರಿಗೆ ಧಾಟಿ ಗೊತ್ತಿರಬೇಕೆಂದೇನಿಲ್ಲ. ಹಿಂಪುಟದಲ್ಲಿ ಒಂದು ಕ್ಯೂಆರ್ ಕೋಡ್ ಇಟ್ಟು ಹಾಡನ್ನು ಕೇಳಿಸುವುದು ಈಗ ಸುಲಭ. ಹಾಡಿಸುವಾಗ ವಾದ್ಯಮೇಳ ಬೇಡ, ಒಂದೇ ದನಿ ಸಾಕು. ಕರ್ನಾಟಕ ಸಂಗೀತದಲ್ಲಿ ನೀಲಾಂಬರಿಗೆ ನಿದ್ದೆಯ ರಾಗವೆಂಬ ಹೆಸರಿದೆ, ನವರೋಜಿನಲ್ಲೂ ಲಾಲಿ ಹಾಡುವುದುಂಟು. ಆದರೂ ಹಳ್ಳಿಯ ಧಾಟಿಯನ್ನು ರಾಗಕ್ಕೆ ಒಗ್ಗಿಸುವ ಗೋಜಿಗೆ ಹೋಗದಿರುವುದು ವಾಸಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 144 ಶಿಶುಗಳಿಗೆ ಅವು ಎಂದೂ ಕೇಳದ ಪರಭಾಷೆಯ ಹಾಡುಗಳನ್ನು ಕೇಳಿಸಿದ್ದರು. ಲಾಲಿ ಕೇಳುವಾಗ ಉಳಿದ ಹಾಡುಗಳಿಗಿಂತ ಎದೆಬಡಿತ ಹೆಚ್ಚು ಇಳಿಯಿತು. ಬಾಸ್ಟನ್ನಿನ ಕನ್ನಡದ ಮನೆಯಲ್ಲಿ ಅಕ್ಕಪಕ್ಕದವರ ಮಗು ಹಲಸಂಗಿಯ ತ್ರಿಪದಿಗೆ ಕಣ್ಣುಮುಚ್ಚಿದರೆ ಅಚ್ಚರಿಪಡಬೇಕಿಲ್ಲ. ಹೊರನಾಡಿನ ಮಕ್ಕಳಲ್ಲಿ ಕನ್ನಡ ಕೇಳಿ ತಿಳಿಯುವ, ಆದರೆ ಓದಲಾರದವರೇ ಬಹಳ. ಅವರ ಅನುಕೂಲಕ್ಕೆ ಇಂಗ್ಲಿಷ್ ಲಿಪಿಯ ಪಠ್ಯ ಬೇಕೆನಿಸಿದರೆ ಪುಸ್ತಕದ ಕೊನೆಗೆ ಇಡಬಹುದು, ಚಿತ್ರದ ಕೆಳಗೆ ಬೇಡ.

ಅಚ್ಚಿಗೆ ಕೊಡುವ ಮೊದಲು ಡಮ್ಮಿಯನ್ನು ಬೇರೆ ಬೇರೆ ಮನೆಗಳಿಗೆ ಕಳಿಸಿ ರಾತ್ರಿ ಓದಿಸಿ ನೋಡಬೇಕು. ಹಗಲಿನ ಗುಂಪಿನಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರೆ ಅದು ಈ ಪುಸ್ತಕದ ಪರೀಕ್ಷೆಯಾಗದು. ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ಓದುವವರು ಎಲ್ಲಿ ತಡವರಿಸಿದರು? ಮಗು ಯಾವ ಪುಟದಲ್ಲಿ ಎದ್ದು ಕೂತು ಪ್ರಶ್ನೆ ಕೇಳಿತು? ಆ ಪುಟದಲ್ಲಿ ಚಿತ್ರ ಅತಿಯಾಗಿದೆ ಎಂದರ್ಥ. ಅಲ್ಲಿಂದ ಒಂದೆರಡು ವಸ್ತು ತೆಗೆಯಬೇಕು.

ಹಣ ಹಾಕಲಾಗದವರಿಗೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣ ಒಂದು ದಾರಿ. ಅಲ್ಲಿ ಕನ್ನಡದಲ್ಲೇ ಪುಸ್ತಕ ಕಟ್ಟಬಹುದು, ಅಲ್ಲಿರುವ ಚಿತ್ರಗಳನ್ನೂ ಬಳಸಬಹುದು. ಅಲ್ಲಿಗೆ ಹಾಕಿದ್ದನ್ನು ಬೇರೆ ಯಾರಾದರೂ, ಹೆಸರು ಹೇಳಿ, ಅನುವಾದಿಸಬಹುದು, ತಿದ್ದಬಹುದು, ಮಾರಲೂಬಹುದು. ಒಪ್ಪಿಗೆಯಿದ್ದರೆ ಮಾತ್ರ ಹಾಕಬೇಕು.

ಅಚ್ಚು ಮಾಡಿ ಮಾರುವವರು ಐಎಸ್‌ಬಿಎನ್ ಪಡೆಯುವುದು ಒಳ್ಳೆಯದು. ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಆನ್‌ಲೈನಿನಲ್ಲೇ, ಶುಲ್ಕವಿಲ್ಲದೆ ಕೊಡುತ್ತದೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನಿಮಾರಾ, ಮುಂಬೈನ ಏಷ್ಯಾಟಿಕ್ ಸೊಸೈಟಿ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಹೋಗಬೇಕು. ಅಂಚೆ ಖರ್ಚು ಪ್ರಕಾಶಕರದೇ.

ಎರಡನೆಯ ಪುಟದಲ್ಲಿ ಬರೆಯುವ ವಿವರಗಳ ಪಟ್ಟಿಗೆ ಇವೂ ಸೇರಲಿ: ಹಾಡು ಹೇಳಿಕೊಟ್ಟವರ ಹೆಸರು, ಊರು, ಕೇಳಿಸಿಕೊಂಡ ವರ್ಷ, ಬಿಟ್ಟ ನುಡಿಗಳೆಷ್ಟು, ತಿದ್ದಿದ ಪದ ಯಾವುದು. ಆ ಹೆಸರಿನ ಕಾಗುಣಿತವನ್ನು ಅವರ ಮನೆಯವರಿಂದಲೇ ಓದಿಸಿ ಸರಿ ಎನಿಸಿಕೊಂಡ ಮೇಲೆ ಫೈಲನ್ನು ಪ್ರೆಸ್ಸಿಗೆ ಕಳಿಸಬೇಕು.